ಕೂಗದ ಸೈರನ್ – ಏಳನೇ ಕಂತು: ಇಪ್ಪತ್ತೈದು ಹೇಳಿದ ಸುಳ್ಳು

"ಗಟ್ಟಿ ಓದ್," ಅಂದರು ಪ್ರಫುಲ್ಲಾ ಶೆಡ್ತಿ. "ಕ್ಲಾಸಗೆ ಓದ್ದಾಂಗೆ ಗಂಟ್ಲೊಳ್ಗೇ ಓದ್ಬೇಡ."

ಲ್ಯಾಪ್‌ಟಾಪಿನಲ್ಲಿ ಸೈರನ್ ಯಂತ್ರದ ದಾಖಲೆ ತೆರೆದು ಕೂತಿದ್ದ ಪ್ರವೀಣ್ ಕೆಮ್ಮಿದ. ಆ ಯಂತ್ರ ಮಾಡಿಕೊಟ್ಟ ಕುಂದಾಪುರದ ಪಡುಗಾಳಿ ಸಿಸ್ಟಮ್ಸ್ ಎಂಬ ಕಂಪನಿಯಲ್ಲಿ ಅವನ ಕೈಕೆಳಗೆ ನಾಲ್ಕು ಜನ ಇದ್ದರು, ಅಂಗಿ ಜೇಬಿನಲ್ಲಿ ಎರಡು ಪೆನ್ನಿದ್ದವು. ಆದರೆ ಹನ್ನೆರಡು ವರ್ಷದ ಹಿಂದೆ ಪಾಲಿಟೆಕ್ನಿಕ್ಕಿನಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಸಿದ ಮೇಡಂ ಎದುರಿಗೆ ಕೂತಾಗ ಆ ನಾಲ್ಕು ಜನರಿಂದಲೂ ಉಪಯೋಗವಿಲ್ಲ, ಪೆನ್ನುಗಳಿಂದಲೂ ಇಲ್ಲ.

"ಮಂಗಳವಾರ ಬೆಳಿಗ್ಗೆ ಐದು ಹತ್ತು. ವಿಫಲ. ಇಪ್ಪತ್ತೈದು. ಆಪರೇಟರನ್ನು ವಿಚಾರಿಸಿ."

"ಮುಂದೆ?"

"ಐದು ಹನ್ನೊಂದು. ವಿಫಲ. ಇಪ್ಪತ್ತೈದು. ಆಪರೇಟರನ್ನು ವಿಚಾರಿಸಿ."

"ಅದರ ಮುಂದೆ?"

"ಆರು ಐವತ್ತೆಂಟರ ತನಕ ಇದೇ ಮೇಡಂ."

ವಿಚಾರಿಸಬೇಕಾದ ಆಪರೇಟರು ಶೆಡ್ಡಿನ ಮೂಲೆಯಲ್ಲಿ, ಖಾಲಿ ಐಸ್ ಪೆಟ್ಟಿಗೆಯ ಮೇಲೆ ಕೂತಿದ್ದರು. ರತ್ನಾಕರ ಮೊಗವೀರರಿಗೆ ಐವತ್ತೆಂಟು. ಮೂವತ್ತು ವರ್ಷ ಬಲೆ ಎಳೆದು ಸೊಂಟ ಹೋದ ಮೇಲೆ ಕಿರಿಮಂಜೇಶ್ವರದ ಈ ಮೀನುಗಾರರ ಸಂಘ ಅವರನ್ನು ಯಂತ್ರ ಕಾಯುವುದಕ್ಕೆ ಕೂರಿಸಿತ್ತು.

ಕಡಲಲ್ಲಿ ದೋಣಿ ಮಗುಚಿ ಐದು ಜನ ಅಪಾಯದ ಗುಂಡಿ ಒತ್ತಿದ್ದು ಮಂಗಳವಾರ ಬೆಳಿಗ್ಗೆ ಐದು ಗಂಟೆ ಒಂಬತ್ತು ನಿಮಿಷಕ್ಕೆ. ದಡದ ಸೈರನ್ ಕೂಗಿದ್ದು ಏಳಕ್ಕೆ ಒಂದು ನಿಮಿಷ ಇರುವಾಗ. ದೋಣಿಯ ಬೆನ್ನು ತಬ್ಬಿ ತೇಲಿದ ಐವರೂ ಬದುಕಿಕೊಂಡರು. ನಾಲ್ವರು ಮನೆಗೆ ಬಂದಾಗಿತ್ತು. ಐದನೆಯ ನಿತೇಶ್ ಕುಂದಾಪುರದ ಆಸ್ಪತ್ರೆಯಲ್ಲಿ, ಗಂಜಿಗೆ ಒಣಮೀನು ಯಾಕಿಲ್ಲ ಎಂದು ನರ್ಸಿನ ಜೊತೆ ಜಗಳ ತೆಗೆಯುವಷ್ಟು ಸುಧಾರಿಸಿದ್ದ.

ಊರು ಮಾತ್ರ ತೀರ್ಪು ಬರೆದು ಮುಗಿಸಿತ್ತು. ರತ್ನಾಕರ ಯಂತ್ರ ಆಫ್ ಮಾಡಿ ನಿದ್ದೆ ಹೊಡೆದ, ಎಚ್ಚರಾದ ಮೇಲೆ ಆನ್ ಮಾಡಿದ. ಇವತ್ತು ನಾಲ್ಕು ಗಂಟೆಗೆ ಸಂಘದ ಸಭೆ. ರತ್ನಾಕರರನ್ನು ಕೆಲಸದಿಂದ ತೆಗೆಯುವುದು, ಬೈಂದೂರಿಗೆ ಹೋಗಿ ಪೊಲೀಸರಿಗೆ ದೂರು ಕೊಡುವುದು, ಚಹಾ.

ಈಗ ಗಂಟೆ ಮೂರೂ ಹತ್ತು.

"ಇಪ್ಪತ್ತೈದಂದ್ರ್ ಎಂತ?" ಪ್ರಫುಲ್ಲಾ ಕೇಳಿದರು.

ಉತ್ತರ ಕೊಟ್ಟಿದ್ದು ಸಂಘದ ಅಧ್ಯಕ್ಷ ಸುಧಾಕರ ಕಾಂಚನ್. ನೆಟ್ಟಗಿನ ಮನುಷ್ಯ, ನೆಟ್ಟಗಿನ ಮೀಸೆ. ಕಂಪನಿಯ ಕೈಪಿಡಿಯಲ್ಲಿ ಆ ಸಾಲಿನ ಕೆಳಗೆ ಎರಡೆರಡು ಗೆರೆ ಎಳೆದು ತಂದಿದ್ದರು.

"ಕಾಣಿ ಶೆಡ್ತೀರೆ, ನಾ ಹೇಳುದಲ್ಲ, ಪುಸ್ತಕ ಹೇಳುದ್. 'ಉಪಕರಣದ ಮೇಲೆ ಅನುಚಿತ ಕ್ರಿಯೆ.' ನಂಗೂ ಬೇಜಾರ್ ಇತ್ತ್. ರತ್ನಾಕರ ನನ್ ದೋಸ್ತಿ. ಆದ್ರೆ ಮಿಷಿನ್ ಸುಳ್ಳ್ ಹೇಳತ್ತಾ?"

"ಅನುಚಿತ ಅಂದ್ರ್ ಎಂತ ಮಾಡಿದ್ರಂಬ್ರ್ ಇವ್ರ್?" ಬಾಗಿಲ ಬಳಿಯಿಂದ ಸುಗುಣ ಕೇಳಿದರು. ರತ್ನಾಕರರ ಹೆಂಡತಿ, ಕಿರಿಮಂಜೇಶ್ವರದಿಂದ ಬೈಂದೂರಿನ ತನಕ ಮೀನು ಮಾರುವ ಹೆಂಗಸರಲ್ಲಿ ಅವರ ಬಾಯಿಗೆ ಸಮನಾದ ಬಾಯಿ ಇನ್ನೊಂದಿರಲಿಲ್ಲ. ಮೂರು ದಿನದ ಹಿಂದೆ ಬ್ರಹ್ಮಾವರಕ್ಕೆ ಬಸ್ಸು ಹತ್ತಿ ಹೋಗಿ, ಹಾಲಿನ ಡೈರಿಯ ಯಂತ್ರ ರಿಪೇರಿ ಮಾಡಿಕೊಂಡು ತಣ್ಣಗಿದ್ದ ಪ್ರಫುಲ್ಲಾರನ್ನು ಎಳೆದು ತಂದವರು ಅವರೇ. "ಪೆಟ್ಗಿಗ್ ಕಣ್ ಹೊಡದ್ರಾ? ಮದಿ ಆಯ್ ಮೂವತ್ ವರ್ಷ ಆಯ್ತ್, ನಂಗೇ ಒಂದ್ ಸಲ ಹೊಡಿಲಿಲ್ಲ!"

"ಸುಗುಣಾ," ಅಂದರು ರತ್ನಾಕರ, ನೆಲ ನೋಡುತ್ತ.

"ಎಂತ ಸುಗುಣ? ಬಾಯ್ ಬಿಡಿ ಅಂದ್ರ್ ನೀವ್ ಬಿಡುದಿಲ್ಲ. ನಿಮ್ಮ ಪಾಲಿನ್ ಮಾತೂ ನಾನೇ ಆಡ್ಕಾ?"

ಮೂವತ್ತು ವರ್ಷದಿಂದ ಅದು ಹಾಗೇ ನಡೆದು ಬಂದಿದೆ ಎಂಬುದು ಇಬ್ಬರ ಮುಖದಲ್ಲೂ ಇತ್ತು.

ಪ್ರಫುಲ್ಲಾ ಕನ್ನಡಕ ಒರೆಸಿಕೊಂಡರು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಂಬಿದವರನ್ನು ಅವರು ಇಪ್ಪತ್ತಾರು ವರ್ಷ ತರಗತಿಯಲ್ಲಿ ನೋಡಿದ್ದರು. ಯಂತ್ರ ಹೇಳುವುದಿಲ್ಲ, ಸರಿಯೇ. ಅದಕ್ಕೆ ಮಾತು ಬರೆದುಕೊಡುವವನು ಹೇಳುತ್ತಾನೆ.

"ಪ್ರವೀಣ, ಸುಧಾಕರಣ್ಣಂಗೆ ಈ ಸಾಮಾನ್ ಹ್ಯಾಂಗ್ ಕೆಲ್ಸ ಮಾಡತ್ ಹೇಳ್. ಇಂಗ್ಲಿಷ್ ಕಮ್ಮಿ ಮಾಡ್."

ಪ್ರವೀಣ್ ಹೇಳಿದ. ಶೆಡ್ಡಿನ ಪಕ್ಕದ ಕಂಬದ ಮೇಲೆ ಒಂದು ಪೆಟ್ಟಿಗೆ. ದೋಣಿಗಳು ಎಲ್ಲಿವೆ, ಯಾರು ಅಪಾಯದ ಗುಂಡಿ ಒತ್ತಿದರು ಎಂಬ ಸುದ್ದಿಯೆಲ್ಲ ಅದಕ್ಕೆ ಬಂದು ಬೀಳುತ್ತದೆ. ಶೆಡ್ಡಿನ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮು ನಿಮಿಷಕ್ಕೊಮ್ಮೆ ಪೆಟ್ಟಿಗೆ ತೆರೆದು ಓದುತ್ತದೆ. ಗುಂಡಿ ಒತ್ತಿದ ಸುದ್ದಿ ಇದ್ದರೆ ಸೈರನ್ ಕೂಗಿಸುತ್ತದೆ.

"ತೆರುಕೇ ಆಗದಿದ್ರೆ?"

"ವಿಫಲ ಅಂತ ಬರಿತ್ತ್. ಎಂತಕಂದ್ಹೇಳಿ ನಂಬರ್ ಹಾಕತ್ತ್."

"ಒಳ್ಳೆದ್. ಈಗ ನಿನ್ ಪ್ರೋಗ್ರಾಮಿಗೆ ಪೆಟ್ಗಿ ಹೆಸ್ರ್ ತಪ್ಪ್ ಕೊಡುವ. ಇಲ್ದಿದ್ ಹೆಸ್ರ್."

ಹೆಸರು ಬದಲಾಯಿತು. ಪರದೆಯ ಮೇಲೆ ದಾಖಲೆಯ ಹೊಸ ಸಾಲು ಬಂತು. ವಿಫಲ. ಇಪ್ಪತ್ತೈದು.

"ಈಗ ಸರಿ ಹೆಸ್ರ್ ಹಾಕಿ, ತಂತಿ ಕಿತ್."

ಇಪ್ಪತ್ತೈದು.

"ತಂತಿ ವಾಪಸ್ ಸಿಕ್ಕಸ್. ಪೆಟ್ಗಿ ತೆರು ಅನುಮತಿ ತೆಗೆ."

ಇಪ್ಪತ್ತೈದು. ಆಪರೇಟರನ್ನು ವಿಚಾರಿಸಿ.

ಸುಧಾಕರ ಕಾಂಚನ್ ಮೀಸೆಯನ್ನು ಒಂದು ಕಡೆಯಿಂದ ಮಾತ್ರ ತಿರುವಿ ನಿಲ್ಲಿಸಿದರು.

"ಇಲ್ದಿದ್ ಪೆಟ್ಗಿ ಮೇಲೆ ಅನುಚಿತ ಕ್ರಿಯೆ ಮಾಡುದ್ ಹ್ಯಾಂಗೆ ಸುಧಾಕರಣ್ಣ?" ಪ್ರಫುಲ್ಲಾ ಮೆತ್ತಗೆ ಕೇಳಿದರು. "ರತ್ನಾಕರಣ್ಣ ಅಲ್ಲ್ ಕೂಕಂಡಿದ್ರ್, ಕೈ ಮಡ್ಲಗೆ ಇತ್ತ್. ಮೂರ್ ಸಲ ಅನುಚಿತ ಆಯ್ತ್."

"ಹಾಂಗಾರೆ ಈ ನಂಬರ್..."

"ಜ್ವರಕ್ಕೂ ಅದೇ ಮಾತ್ರೆ, ಹಲ್ಲ್ ನೋವಿಗೂ ಅದೇ ಮಾತ್ರೆ."

ಪ್ರಫುಲ್ಲಾ ಪ್ರವೀಣನ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಪ್ರೋಗ್ರಾಮಿನ ಮೂಲ ಬರಹ ಇನ್ನೂರು ಸಾಲು. ಅವರು ಓದುವ ರೀತಿ ಪ್ರವೀಣನಿಗೆ ಹಳೆಯ ಪರಿಚಯ: ಕಿರುಬೆರಳಿನ ಉಗುರು ಪರದೆಗೆ ತಾಗಿಯೂ ತಾಗದ ಹಾಗೆ ಇಳಿಯುತ್ತದೆ, ನಿಂತರೆ ಮುಗಿಯಿತು.

ನಿಂತಿತು.

"ಇದೆಂತ?"

"ಅದ್... ಬಣ್ಣ ಮೇಡಂ."

"ಯಾವ ಬಣ್ಣ?"

"ತಪ್ಪ್ ಬಂದ್ರೆ ಪರದೆ ಮೇಲೆ ಕೆಂಪಕ್ಷರ ಬಪ್ಪುಕೆ. ಕಡತಕ್ಕೆ ಬರುದಾದ್ರೆ ಬಣ್ಣ ಬ್ಯಾಡ ಅಲ್ದಾ. ಅದ್ಕೆ ಬರುದಕ್ ಮುಂಚೆ, ಇದ್ ಪರದೆಯಾ ಕಡತವಾ ಅಂದ್ಹೇಳಿ ಒಂದ್ ಸಲ ಕೇಂತ್."

"ಕೆಂಪ್ ಬೇಕಂದ್ಹೇಳಿ ಯಾರ್ ಹೇಳದ್?"

ಪ್ರವೀಣ್ ಅಧ್ಯಕ್ಷರನ್ನು ನೋಡಿದ. ಅಧ್ಯಕ್ಷರು ಕಿಟಕಿಯನ್ನು ನೋಡಿದರು. ಯಂತ್ರದ ಉದ್ಘಾಟನೆಯ ದಿನ ವೇದಿಕೆ ಹಾಕಿ, ಶಾಲು ತರಿಸಿ, ಕೊನೆ ಗಳಿಗೆಯಲ್ಲಿ "ತಪ್ಪ್ ಬಂದ್ರೆ ಕೆಂಪಾಯ್ ಕಾಣ್ಕ್ ಮಾರಾಯ, ದೊಡ್ಡೋರೆಲ್ಲ ಬತ್ರ್" ಅಂದದ್ದು ಅವರಿಗೆ ಈಗ ಚೆನ್ನಾಗಿ ನೆನಪಿಗೆ ಬಂದಿತ್ತು.

ಪ್ರಫುಲ್ಲಾ ರತ್ನಾಕರರ ಕಡೆ ತಿರುಗಿದರು. ಈ ಮಾತು ಕೇಳಬೇಕಾದವರು ಅವರೇ.

"ರತ್ನಾಕರಣ್ಣ, ಕಾಣಿ. ಪ್ರೋಗ್ರಾಮ್ ತಾನೇ ಹೋಯ್ ಪೆಟ್ಗಿ ತೆರುದಲ್ಲ. ಕಂಪ್ಯೂಟರಿನೊಳ್ಗೆ ಒಬ್ಬ ಯಜಮಾನ ಇದ್ದಾಂಗೆ. ಅವನ್ ಹತ್ರ ಕೇಣ್ಕ್, ಪೆಟ್ಗಿ ತೆರುದ್ ಕೊಡಿ ಅಂದ್ಹೇಳಿ. ಅಂವ ಇಲ್ಲ ಅಂದ್ರೆ, ಎಂತಕ್ ಇಲ್ಲ ಅಂದ್ಹೇಳಿ ಒಂದ್ ಸ್ಲೇಟಗೆ ನಂಬರ್ ಬರಿತ. ಸ್ಲೇಟ್ ಒಂದೇ. ಮತ್ತೊಂದ್ ಕೇಂಡ್, ಅದಕ್ಕೂ ಇಲ್ಲ ಅಂದ್ರೆ, ಹಳಿ ನಂಬರ್ ಒರಸಿ ಹೊಸತ್ ಬರಿತ."

"ಹೂಂ," ಅಂದರು ರತ್ನಾಕರ. ಅವತ್ತು ಅವರು ತಲೆಯೆತ್ತಿದ್ದು ಅದೇ ಮೊದಲು.

"ಮಂಗಳವಾರ ಪೆಟ್ಗಿ ತೆರುಕೆ ಆಯ್ಲಿಲ್ಲ. ಯಜಮಾನ ಕಾರಣ ಬರದ. ಈ ಪುಣ್ಯಾತ್ಮ ಅದನ್ನ್ ಓದುದ್ ಬಿಟ್ಟ್, ಮೊದ್ಲ್ ಬಣ್ಣದ್ ವಿಷ್ಯ ಕೇಂಡ. ಇದ್ ಪರದೆಯಾ? ಅಲ್ಲ, ಕಡತ ಅಂದ್ಹೇಳಿ ಯಜಮಾನ ಸ್ಲೇಟ್ ಒರಸಿ ಇಪ್ಪತ್ತೈದ್ ಬರದ. ಇಂವ ಆ ಇಪ್ಪತ್ತೈದ್ ಎತ್ಕಂಡ್ ಬಂದ್ ನಿಮ್ ತಲಿಗ್ ಕಟ್ಟದ. ಬ್ರಹ್ಮಾವರದಗೆ ಬಸ್ ತಪ್ಪಿದ್ ಎಂತಕಂದ್ರೆ, ಕೋಟದಗೆ ಚಾ ತಣ್ಣಗಿತ್ತ್ ಅಂದಾಂಗೆ."

ಸುಗುಣ ಕೊರಳೆತ್ತಿ ನಕ್ಕರು. ರತ್ನಾಕರ ನಗಲಿಲ್ಲ, ಒಂದು ಉಸಿರು ಬಿಟ್ಟರು. ಮೂರು ದಿನದಿಂದ ಒಳಗಿಟ್ಟುಕೊಂಡ ಉಸಿರು ಅದು.

"ಹಾಂಗಾರೆ ಆಫ್ ಮಾಡದ್ ನಾನಲ್ಲ."

"ಆಫ್ ಆಗೇ ಇಲ್ಲ. ನಿಮಿಷಕ್ಕೊಂದ್ ಸಾಲ್ ಬರಿತಾ ಇದ್ದಿತ್. ಆಫ್ ಆದ್ ಮಿಷಿನ್ ಬರಿತ್ತಾ?"

ಈ ಪ್ರಶ್ನೆ ಮೂರು ದಿನದಿಂದ ಶೆಡ್ಡಿನಲ್ಲೇ ಬಿದ್ದುಕೊಂಡಿತ್ತು. ಎಲ್ಲರೂ ಅದನ್ನು ದಾಟಿಕೊಂಡು ಓಡಾಡಿದ್ದರು.

"ಸಣ್ಣ ತಪ್ಪ್ ಮೇಡಂ," ಅಂದ ಪ್ರವೀಣ್. "ಒಂದ್ ಸಾಲ್ ಹಿಂದೆ ಮುಂದೆ ಆದ್ದ್."

"ಹೌದ್, ಸಣ್ಣದ್. ನಿಂಗ್ ಯಾವಾಗ ಗೊತ್ತಾಯ್ತ್?"

"ಈಗ..."

"ಪ್ರವೀಣ. ಬಣ್ಣ ಅಂದ್ಹೇಳಿ ನೀನ್ ಹೇಳ್ವತಿಗೆ ನಿನ್ ಕಿವಿ ಕೆಂಪಾಯ್ತ್. ಪರೀಕ್ಷೆಯಗೆ ಚೀಟಿ ಇದ್ದಾಗೂ ಹಾಂಗೇ ಆತಿತ್ತ್."

ಹೊರಗೆ ಯಾರೋ ಬೈಕು ನಿಲ್ಲಿಸಿದರು. ಸಭೆಗೆ ಜನ ಬರತೊಡಗಿದ್ದರು.

"ಬುಧವಾರ," ಅಂದ ಪ್ರವೀಣ್. "ಬುಧವಾರ ಮಧ್ಯಾಹ್ನ ಕಂಡದ್. ಆಫೀಸಗೆ ಹೇಳ್ದೆ. ಸುಮ್ನಿರು, ಕಂಪನಿ ಹೆಸ್ರ್ ಹೋತ್ತ್ ಅಂದ್ರ್. ನಾನ್... ಸುಮ್ನಾದೆ."

ಸುಗುಣ ಒಂದು ಹೆಜ್ಜೆ ಮುಂದೆ ಬಂದರು. "ಕಂಪನಿ ಹೆಸ್ರಾ? ಇವ್ರ್ ಮೂರ್ ದಿನ ಆಯ್ತ್, ಮೀನ್ ಮುಟ್ಟಲಿಲ್ಲ ಮಾಣಿ. ನಾನ್ ಬುಟ್ಟಿ ಹೊತ್ಕಂಡ್ ಹೋದಲ್ಲೆಲ್ಲ, ನಿಮ್ ಗಂಡ ಎದ್ರಾ ಅಂದ್ಹೇಳಿ ಕೇಂತ್ರ್. ನಿನ್ ಕಂಪನಿ ಹೆಸ್ರ್ ಯಾರ್ ಕೇಂತ್ರ್?"

ಪ್ರವೀಣ್ ಎದ್ದು ನಿಂತ. ಎದ್ದು ಏನು ಮಾಡಬೇಕೆಂದು ತಿಳಿಯದೆ ರತ್ನಾಕರರ ಎದುರು ಹೋಗಿ ನಿಂತ. "ತಪ್ಪಾಯ್ತ್ ರತ್ನಾಕರಣ್ಣ."

"ಕೂಕೋ ಮಾಣಿ," ಅಂದರು ರತ್ನಾಕರ. "ಅಡ್ಡಿಲ್ಲ. ಈಗ್ಲಾರೂ ಹೇಳ್ದಿಯಲ."

ಬಯ್ಗುಳವನ್ನು ತಡೆದುಕೊಳ್ಳಲು ಸಿದ್ಧನಾಗಿ ಬಂದವನಿಗೆ ಇದು ಹೆಚ್ಚಾಯಿತು. ಅವನು ಕೂತು ಕಣ್ಣೊರೆಸಿಕೊಂಡ. ಪ್ರಫುಲ್ಲಾ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದರು.

"ನೀನೇ ತಿದ್ದ್. ಪೆಟ್ಗಿ ತೆರುಕೆ ಆಗದಿದ್ ಕೂಡ್ಲೆ ಎಂತ ಮಾಡ್ಕ್?"

"ಮೊದ್ಲ್ ನಂಬರ್ ಎತ್ತಿ ಬದಿಗಿಡ್ಕ್. ಮತ್ತೆ ಬಣ್ಣ ಗಿಣ್ಣ."

"ಹನ್ನೆರಡ್ ವರ್ಷ ತಡ ಆಯ್ತ್. ಬರಿ."

ಒಂದೇ ಸಾಲು. ಬರೆದ. ನಂತರ ಸಂದೇಶದ ಸರದಿ. 'ಆಪರೇಟರನ್ನು ವಿಚಾರಿಸಿ' ಅಳಿಸಿ, 'ದೋಷ ಸಂಭವಿಸಿದೆ' ಎಂದು ಬರೆದ.

"ಸಂಭವಿಸುಕೆ ಅದೆಂತ ಅವತಾರವಾ?" ಪ್ರಫುಲ್ಲಾ ಕೇಳಿದರು. "ಬೆಳಿಗ್ಗೆ ಐದ್ ಗಂಟಿಗೆ ಇದನ್ನ್ ಓದುದ್ ಯಾರ್? ನೀನಾ?"

"ನಾನ್," ಅಂದರು ರತ್ನಾಕರ ಮೂಲೆಯಿಂದ. ಮತ್ತೆ, ಯಾರೂ ಕೇಳದಿದ್ದರೂ, ಮುಂದುವರಿಸಿದರು. "ನಂಗೆ ಎಂತ ಆಯ್ಲಿಲ್ಲ ಅಂದ್ಹೇಳಿ ಗೊತ್ತಾಯ್ಕ್. ಎಂತಕಂದ್ಹೇಳಿ ಗೊತ್ತಾಯ್ಕ್. ನಂಬರ್ ಕಟ್ಕಂಡ್ ನಾ ಎಂತ ಮಾಡ್ಲಿ? ಪೆಟ್ಗಿ ಕೈ ಕೊಟ್ಟಿತ್ ಅಂದ್ರೆ ನಾ ವೈರ್‌ಲೆಸ್ಸಗೆ ದೋಣಿಯವ್ರನ್ನ್ ಕೂಗ್ತಿದ್ದೆ. ಐದ್ ಹತ್ತಕ್ಕೇ ಕೂಗ್ತಿದ್ದೆ."

ಸುಧಾಕರ ಕಾಂಚನ್ ಗೆರೆ ಎಳೆದ ಕೈಪಿಡಿಯನ್ನು ಮುಚ್ಚಿ ಬದಿಗಿಟ್ಟರು.

ರತ್ನಾಕರ ಹೇಳಿದಂತೆಯೇ ಪ್ರವೀಣ್ ಬರೆದ. ಮೂರೂ ಇಪ್ಪತ್ತೆಂಟಕ್ಕೆ ಪ್ರೋಗ್ರಾಮು ಹೊಸ ರೂಪದಲ್ಲಿ ಓಡತೊಡಗಿತು. ಇಪ್ಪತ್ತೊಂಬತ್ತು, ಪೆಟ್ಟಿಗೆ ತೆರೆಯಿತು. ಮೂವತ್ತು, ತೆರೆಯಿತು.

"ಈಗ ಸರಿ ಇತ್ತ್," ಅಂದರು ಅಧ್ಯಕ್ಷರು. "ಮಂಗಳವಾರದ್ ಕಾರಣ ಮಾತ್ರ ಅಳಿಸಿಯೇ ಹೋಯ್ತ್ ಅಲ್ದಾ?"

"ಹೋಯ್ತ್. ಆದ್ರೆ ಇಪ್ಪತ್ತೈದ್ ಬಂದದ್ ಮಂಗಳವಾರ ಒಂದೇ ದಿನ ಅಲ್ಲ." ಪ್ರಫುಲ್ಲಾ ದಾಖಲೆಯನ್ನು ಹಿಂದಕ್ಕೆ ಸರಿಸಿದರು. "ಮೂರ್ ತಿಂಗ್ಳಿಂದ ಇತ್ತ್. ಬೆಳಿಗ್ಗೆ ಐದರಿಂದ ಏಳು. ಮಧ್ಯಾಹ್ನ ಮೂರೂವರೆಯಿಂದ ನಾಲ್ಕು. ಉಳಿದ್ ಹೊತ್ತಗೆ ಒಂದೂ ಇಲ್ಲ. ಕೆಟ್ಟ ತಂತಿ ಹೀಂಗೆ ಗಂಟಿ ಕಂಡ್ ಕೆಡುದಿಲ್ಲ."

ಸುಗುಣ ಬಗ್ಗಿ ಪರದೆ ನೋಡಿದರು. "ಅಕ್ಕ, ಇದ್ ಬಲಿ ಬಿಡು ಹೊತ್ತಲ್ದಾ?"

"ಅಂದ್ರೆ?"

"ಅಂದ್ರೆ ಎಂತ, ಆ ಹೊತ್ತಗೆ ನಮ್ ದೋಣಿ ಎಲ್ಲಿ ನಿಂತಿತ್ ಅಂದ್ಹೇಳಿ ಗೊತ್ತಾರೆ, ಮೀನ್ ಎಲ್ಲಿತ್ ಅಂದ್ಹೇಳಿ ಗೊತ್ತಾದಾಂಗೇ. ಮೂರ್ ತಿಂಗ್ಳಾಯ್ತ್, ನಮ್ಮೋರ್ ಬಲಿ ಬಿಟ್ಟಲ್ಲಿಗೇ ಬೇರೆ ಊರಿನ್ ಬೋಟ್ ಬಪ್ಪುದ್. ದೇವ್ರ್ ಹೇಳಿ ಕಳ್ಸದಾಂಗೆ ಬತ್ತೊ ಅಂದ್ಹೇಳಿ ನಾವೆಲ್ಲ ಆಡ್ಕಂತಿತ್ತ್."

ಗೋಡೆಯ ಗಡಿಯಾರ ಮೂರೂ ಮೂವತ್ತೊಂದಕ್ಕೆ ಬಂತು.

ಪರದೆಯ ಮೇಲೆ ಹೊಸ ಸಾಲು ಮೂಡಿತು. ರತ್ನಾಕರ ಎದ್ದು ಬಂದು, ಒಂದೊಂದೇ ಶಬ್ದ ಗಟ್ಟಿಯಾಗಿ ಓದಿದರು.

"ಕಂಬದ ಪೆಟ್ಟಿಗೆ ತೆರೆಯಲು ಆಗಲಿಲ್ಲ. ಕಾರಣ ಹದಿನಾರು: ಪೆಟ್ಟಿಗೆ ಬೇರೆಯವರ ಕೈಯಲ್ಲಿದೆ. ದೋಣಿಗಳ ಸುದ್ದಿ ಬರುತ್ತಿಲ್ಲ, ವೈರ್‌ಲೆಸ್‌ನಲ್ಲಿ ವಿಚಾರಿಸಿ."

"ಬೇರೆಯವ್ರಾ?" ಅಂದರು ಸುಧಾಕರ.

ಪ್ರವೀಣನ ಬೆರಳುಗಳು ಆಗಲೇ ಓಡುತ್ತಿದ್ದವು. ಪೆಟ್ಟಿಗೆಯನ್ನು ಹಿಡಿದುಕೊಂಡದ್ದು ಇನ್ನೊಂದು ಪುಟ್ಟ ಪ್ರೋಗ್ರಾಮು. ದೋಣಿಗಳ ಜಾಗವನ್ನು ಓದಿ ಓದಿ ಯಾರದೋ ಫೋನಿಗೆ ದಾಟಿಸುತ್ತಿತ್ತು, ಅದು ಮುಗಿಯುವ ತನಕ ಬೇರೆ ಯಾರಿಗೂ ಪೆಟ್ಟಿಗೆ ಬಿಡುತ್ತಿರಲಿಲ್ಲ. ಓಡಿಸುತ್ತಿದ್ದವನ ಹೆಸರು: ಅತಿಥಿ.

"ಅದ್ಯಾರ್?"

"ಉದ್ಘಾಟನೆ ದಿನ ತೋರ್ಸುಕೆ ಅಂದ್ಹೇಳಿ ಮಾಡಿದ್ ಖಾತೆ. ತೆಗುಕೆ ಮರ್ತೋಯ್ತ್." ಪ್ರವೀಣ್ ಅಂಗಿ ಜೇಬಿನ ಪೆನ್ನು ಸರಿಮಾಡಿಕೊಂಡ. "ಪಾಸ್‌ವರ್ಡ್ ಮೈಕಗೆ ಹೇಳಿದ್ದೆ."

"ಚಂದ," ಅಂದರು ಪ್ರಫುಲ್ಲಾ. "ಎಲ್ಲಿಂದ ಒಳ್ಗ್ ಬಂದಿದ?"

"ಮೇಡಂ... ಈ ಶೆಡ್ಡಿನ್ ವೈಫೈಯಿಂದ. ಇದ್ ಮೂವತ್ ಹೆಜ್ಜೆಗಿಂತ ಆಚೆ ಸಿಕ್ಕುದಿಲ್ಲ."

ಐವರೂ ಬಾಗಿಲ ಕಡೆ ನೋಡಿದರು. ಬಾಗಿಲು ಅರ್ಧ ತೆರೆದಿತ್ತು. ಅಂಗಳದಲ್ಲಿ ತೆಂಗಿನ ಮರಗಳ ಕೆಳಗೆ, ನಾಲ್ಕು ಗಂಟೆಯ ಸಭೆಗೆ ಬಂದ ನಲವತ್ತು ಜನ ಕೆಂಪು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ನಲವತ್ತು ತಲೆಗಳೂ ಬಗ್ಗಿದ್ದವು, ಪ್ರಾರ್ಥನೆಗೆ ಬಗ್ಗಿದ ಹಾಗೆ, ಫೋನಿನ ಮೇಲೆ.

ಸುಧಾಕರ ಕಾಂಚನ್ ಜೇಬಿನಿಂದ ದೂರಿನ ಕಾಗದ ತೆಗೆದು ನಾಲ್ಕಾಗಿ ಹರಿದರು. "ರತ್ನಾಕರ, ನಾ ಸಭೆಯಗೆ ಎಲ್ಲರೆದ್ರಿಗೆ ಹೇಳ್ತೆ. ತಪ್ಪ್ ನಂದ್." ಅನಂತರ ಮುಷ್ಟಿ ಬಿಗಿದರು. "ಈಗ ಆ ಕಳ್ಳನ್ ಕಾಂಬ."

"ಓಡ್ಬೇಡಿ," ಅಂದರು ಪ್ರಫುಲ್ಲಾ. "ಎಲ್ಲರ ಫೋನ್ ಕಸಿದ್ರೆ ಅಂವ ಮೊದ್ಲ್ ಅಳಿಸಿ ಬಿಡ್ತ. ಇಪ್ಪತ್ತೈದೇ ಬತ್ತಾ ಇಪ್ಪು ತನಕ ಯಾರಿಗೂ ಗೊತ್ತಾತಿಲ್ಲ ಅಂದ್ಹೇಳಿ ಅಂವ ತಣ್ಣಗ್ ಕೂಕಂಡಿದ. ಹಾಂಗೇ ಇರ್ಲಿ."

ಅವರು ಕಪಾಟಿನಿಂದ ದೋಣಿಗೆ ಹಾಕುವ ಬಿಡಿ ಯಂತ್ರವೊಂದನ್ನು ತೆಗೆದು ರತ್ನಾಕರರ ಕೈಗಿಟ್ಟರು. ಅಂಗೈ ಅಗಲದ್ದು, ನಡುವೆ ಅಪಾಯದ ಗುಂಡಿ.

"ಇದನ್ನ್ ಒತ್ತಿ. ಸುದ್ದಿ ಪೆಟ್ಗಿಗೆ ಹೋಯ್ ಕೂಕಂತ್. ಅಂವ ಬಿಡು ತನಕ ಸೈರನ್ ಕೂಗುದಿಲ್ಲ, ಮಂಗಳವಾರ ಆದಾಂಗೆ. ಪ್ರವೀಣ ಅವನ್ ಪ್ರೋಗ್ರಾಮ್ ನಿಲ್ಲಸ್ತ. ಅವನ್ ಫೋನಗೆ ಚಿತ್ರ ನಿಂತೋತ್ತ್. ಮೀನ್ ಕದೂಕೆ ಕೂತವ ಎಂತ ಮಾಡ್ತ? ತಲಿ ಎತ್ತಿ ಈ ಶೆಡ್ ಬದಿ ಕಾಣ್ತ. ಸೈರನ್ ಕೂಗದ್ಮೇಲೆ ಎಲ್ಲರೂ ಕಾಣ್ತ್ರ್. ನಮಗೆ ಬೇಕಾದ್ ಅದ್ಕಿಂತ ಮುಂಚೆ ಕಂಡವ."

"ಅವ್ನನ್ನ್ ಕಾಂಬುದ್ ಯಾರ್?"

"ಊರಿನ್ ಮುಖ ಎಲ್ಲ ಬಲ್ಲವ್ರ್." ಅವರು ಸುಗುಣರ ಕಡೆ ತಿರುಗಿದರು.

"ಅಯ್ಯೋ, ಅದೆಂತ ದೊಡ್ಡ್ ಕೆಲ್ಸ," ಅಂದರು ಸುಗುಣ, ಸೆರಗು ಸಿಕ್ಕಿಸಿಕೊಳ್ಳುತ್ತ. "ಯಾರ್ ಮನಿಯಗೆ ಬಂಗ್ಡಿ ಮೀನ್ ಬೇಕಾದಾಗ ಅಗ್ಗದ್ ಬೂತಾಯಿ ತಕಂತ್ರ್ ಅಂದ್ಹೇಳಿ ಮುಖ ಕಂಡೇ ಹೇಳವ್ಳ್ ನಾನ್. ಸಿಕ್ಲಿ ಅಂವ. ಅವನ್ ಅಜ್ಜಿ ತನಕ ಹೆಸ್ರ್ ಹೇಳ್ತೆ, ಅವ್ರ್ ಮನಿಗೆ ಇನ್ನ್ ನನ್ ಬುಟ್ಟಿ ಹೋಪುದಿಲ್ಲ, ಮತ್ಯಾರ್ ಬುಟ್ಟಿಯೂ ಹೋಪುಕೆ ಬಿಡುದಿಲ್ಲ..."

"ಸಾಕ್ ಮಾರಾಯ್ತಿ," ಅಂದರು ರತ್ನಾಕರ. ದನಿಯಲ್ಲಿ ಹಳೆಯ ಸಲಿಗೆ ಮರಳಿತ್ತು.

ಸುಗುಣ ಬಾಗಿಲ ಚೌಕಟ್ಟಿಗೆ ಒರಗಿ, ಸಭೆ ಯಾವಾಗ ಶುರುವಾಗುತ್ತದೋ ಎಂದು ಬೇಜಾರಾದವರ ಹಾಗೆ ನಿಂತರು. ರತ್ನಾಕರ ಗುಂಡಿ ಒತ್ತಿದರು. ಪ್ರಫುಲ್ಲಾ ತಲೆ ಆಡಿಸಿದರು. ಪ್ರವೀಣ್ ಕೀಲಿ ಒತ್ತಿದ.

ಒಂದು, ಎರಡು, ಮೂರು... ಪ್ರಫುಲ್ಲಾ ಸುಗುಣರ ಬೆನ್ನನ್ನು ನೋಡುತ್ತ ಎಣಿಸಿದರು. ಹನ್ನೊಂದಕ್ಕೆ ಆ ಬೆನ್ನು ಸೆಟೆದು ನಿಂತಿತು.

ಮೂವತ್ತನಾಲ್ಕಕ್ಕೆ ಸೈರನ್ ಕೂಗಿತು.

ಶೆಡ್ಡಿನ ತಗಡು ನಡುಗಿತು, ತೆಂಗಿನ ಮರದ ಕಾಗೆಗಳೆಲ್ಲ ಎದ್ದವು, ನಲವತ್ತು ಕುರ್ಚಿಗಳು ಒಟ್ಟಿಗೆ ಹಿಂದೆ ಸರಿದವು. ಸುಧಾಕರ ಕಾಂಚನ್ ಅಂಗಳಕ್ಕೆ ಧಾವಿಸಿ, ಎರಡೂ ಕೈ ಮೇಲೆತ್ತಿ, "ಹೆದ್ರಬೇಡಿ! ರತ್ನಾಕರಂದ್ ತಪ್ಪಿಲ್ಲ! ಕೇಣಿ, ಎಲ್ಲ ಹೇಳ್ತೆ!" ಎಂದು ಕೂಗುತ್ತಿದ್ದರು. ಯಾರೋ ಚಪ್ಪಾಳೆ ತಟ್ಟಿದರು, ಹಿಂದೆಯೇ ಹತ್ತು ಜನ. ರತ್ನಾಕರ ಆ ಪುಟ್ಟ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಸೈರನ್ ಸದ್ದು ಇಳಿಯುವ ತನಕ ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದರು. ಅವರ ಮುಖದಲ್ಲಿ ನಗು ಇತ್ತು.

ಪ್ರಫುಲ್ಲಾ ಬಾಗಿಲಿಗೆ ಹೋದರು.

"ಯಾರ್ ಸುಗುಣ?"

ಸುಗುಣ ತಿರುಗಲಿಲ್ಲ. ಅಂಗಳದಲ್ಲಿ ಒಂದು ಕುರ್ಚಿಯ ಮೇಲೆ ನೆಟ್ಟಿದ್ದ ಕಣ್ಣು ಕಿತ್ತು, ದೂರದ ಕಡಲನ್ನು ನೋಡಿದರು.

"ಯಾರೂ ಇಲ್ಲ ಅಕ್ಕ."

ಮೂರು ದಿನದಲ್ಲಿ ಸುಗುಣ ಯಾವ ಪ್ರಶ್ನೆಗೂ ಮೂರೇ ಶಬ್ದದ ಉತ್ತರ ಕೊಟ್ಟದ್ದನ್ನು ಪ್ರಫುಲ್ಲಾ ಕೇಳಿರಲಿಲ್ಲ.